ಒಂದೇ ಚಾಳಣಿಯ ಜೋಡಿ

ನಮ್ಮ ಅತ್ತೆ ತಾರವ್ವನ ಉಸಿರಿನ ಸದ್ದು ಕೇಳಿದ ಮೇಲೆಯೇ ನಾನು ಬೆಳಗ್ಗೆ ಒಲೆ ಹಚ್ಚುವುದು. ಸಣ್ಣಗೆ ಸೀಟಿ ಹೊಡೆದಂತೆ ಕೇಳಿದರೆ ಆ ದಿನ ಹಗುರ. ಗೊರಗೊರ ಎಂದರೆ ಮೊದಲು ಬಿಸಿನೀರು, ಆಮೇಲೆ ಚಹಾ. ಏನೂ ಕೇಳಿಸದಿದ್ದರೆ ಮಾತ್ರ ಎದ್ದುಹೋಗಿ ಮುಖ ನೋಡಬೇಕು. ಮಹಾರಾಷ್ಟ್ರದ ಕಾಗಲ ಕಡೆಯ ತವರಿನಲ್ಲಿ ಕೋಳಿ ಕೂಗಿದಾಗ ಏಳುತ್ತಿದ್ದೆ, ಇಲ್ಲಿ ಅತ್ತೆಯ ಎದೆ ಕೂಗಿದಾಗ ಏಳುತ್ತೇನೆ. ಈ ಸರಿತಾ ಬೇಸರದಿಂದ ಹೇಳುತ್ತಿದ್ದಾಳೆ ಎಂದು ಯಾರಿಗಾದರೂ ಅನಿಸಿದರೆ, ಹೌದು, ಬೇಸರವೇ. ದಮ್ಮಿನ ರೋಗ ಒಬ್ಬರಿಗೆ ಬಂದರೂ ದಣಿಯುವುದು ಇಡೀ ಮನೆ.

ನಮ್ಮದು ನಿಪ್ಪಾಣಿಗೆ ಹತ್ತಿಕೊಂಡ ಊರು. ಮಾವ ಸಿದರಾಯ ಕುರಿ ಹೊಡೆದುಕೊಂಡು ಅಥಣಿ ಕಡೆ ಹೋದರೆ ತಿಂಗಳುಗಟ್ಟಲೆ ಮನೆಯ ಮುಖ ನೋಡುವುದಿಲ್ಲ. ನನ್ನ ಗಂಡ ಲಕ್ಷ್ಮಣ ಇದ್ದಷ್ಟು ಹೊಲ ನೋಡಿಕೊಳ್ಳುತ್ತಾನೆ, ಎಮ್ಮೆ ನನ್ನ ಪಾಲು. ಅತ್ತೆ ಮಾತ್ರ ರಾಯಬಾಗದ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲೇ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋದವಳು, ಮೊಮ್ಮಕ್ಕಳಾದರೂ ಬಿಡಲಿಲ್ಲ. ವಖಾರಿ ಅಂದರೆ ದೊಡ್ಡ ಗೋದಾಮು. ಕುಟ್ಟಿದ ತಂಬಾಕನ್ನು ಅಲ್ಲಿ ಜರಡಿ ಹಿಡಿಯುತ್ತಾರೆ. ಆ ಜರಡಿಗೆ ನಮ್ಮಲ್ಲಿ ಚಾಳಣಿ ಎನ್ನುತ್ತೇವೆ. ಅದು ಅಡುಗೆಮನೆಯ ಚಾಳಣಿಯಂಥದ್ದಲ್ಲ. ಇಬ್ಬರು ಹೆಂಗಸರು ಎದುರುಬದುರು ಕೂತು, ಒಂದೊಂದು ಬದಿ ಹಿಡಿದು, ಆಚೆ ಈಚೆ ಜಗ್ಗಬೇಕು. ಏಳುವ ಧೂಳಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬಹುದು. ಕಣ್ಣಿಗೆ ಕಟ್ಟಿಕೊಳ್ಳುವ ಹಾಗಿಲ್ಲ.

ಅತ್ತೆಯ ಚಾಳಣಿಯ ಇನ್ನೊಂದು ಬದಿ ಹಿಡಿದವಳು ಕಾಳವ್ವ. ನಮ್ಮದೇ ಊರು, ಕೆಳಗಿನ ಓಣಿ. ಇಬ್ಬರನ್ನೂ ವಖಾರಿಯಲ್ಲಿ ಜೋಡಿ ಎಂದೇ ಕರೆಯುತ್ತಾರೆ. ಒಬ್ಬಳು ಬರದ ದಿನ ಇನ್ನೊಬ್ಬಳಿಗೆ ಚಾಳಣಿ ಸಿಗುವುದಿಲ್ಲ, ಕಸ ಬಳಿಯಲು ಕಳಿಸುತ್ತಾರೆ. ಹಾಗಾಗಿ ಜ್ವರ ಬಂದರೂ ಇಬ್ಬರೂ ಹೋಗುವುದೇ. ಮಾವನ ಮುಖ ನೋಡಿದ್ದಕ್ಕಿಂತ ಹೆಚ್ಚು ಕಾಲ ಅತ್ತೆ ಕಾಳವ್ವನ ಮುಖ ನೋಡಿದ್ದಾಳೆ. ಇದನ್ನು ಮಾವನೆದುರೇ ಹೇಳಿ ನಗುತ್ತಾಳೆ, ಅವರೂ ನಗುತ್ತಾರೆ.

ವಖಾರಿಯ ಹೆಂಗಸರದು ಒಂದು ಪದ್ಧತಿ. ಯಾವುದನ್ನೂ ಒಬ್ಬಳೇ ತಿನ್ನಬಾರದು. ಬುತ್ತಿ ಬಿಚ್ಚಿದರೆ ರೊಟ್ಟಿ ಮುರಿದು ಜೋಡಿಗೆ ಮೊದಲು ಕೊಡಬೇಕು. ಚಹಾ ಬಂದರೆ ಕಪ್ಪಿನ ಕೆಳಗಿನ ಬಸಿಗೆ ಅರ್ಧ ಸುರಿಯಬೇಕು. ತಲೆನೋವಿನ ಗುಳಿಗೆಯನ್ನೂ ಹಲ್ಲಿನಿಂದ ಕಚ್ಚಿ ಎರಡು ಮಾಡಿ ಕೊಡುವವರಿದ್ದಾರೆ. ಕೊಡದವಳ ಹೆಸರು ಸಂಜೆಯೊಳಗೆ ಕೆಟ್ಟುಹೋಗುತ್ತದೆ. ನನಗೆ ಈ ಹಂಚಾಟ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಆದರೆ ಅಲ್ಲಿ ಕೂತು ಧೂಳು ನುಂಗುವವಳು ನಾನಲ್ಲ, ನನ್ನ ಮಾತಿಗೆ ಅಲ್ಲಿ ತೂಕವೂ ಇಲ್ಲ.

ಅತ್ತೆಗೆ ದಮ್ಮು ಹತ್ತಿ ಬಹಳ ವರ್ಷವಾಯಿತು. ಚಿಕ್ಕೋಡಿಯ ಡಾಕ್ಟರಬಾಯಿ ಕೋಮಲ ಅವರು ಬಾಯಿಂದ ಎಳೆದುಕೊಳ್ಳುವ ಎರಡು ಪಂಪು ಕೊಟ್ಟಿದ್ದಾರೆ. ಒಂದನ್ನು ಆರಾಮಿದ್ದರೂ ದಿನಾ ಎಳೆಯಬೇಕು, ನೀಲಿಯದನ್ನು ಉಸಿರು ಕಟ್ಟಿದಾಗ ಮಾತ್ರ. ಅತ್ತೆ ಎರಡನ್ನೂ ಸೊಂಟಕ್ಕೆ ಸಿಕ್ಕಿಸುವ ಎಲೆ ಅಡಿಕೆಯ ಚಂಚಿಯಲ್ಲಿ ಇಟ್ಟುಕೊಳ್ಳುತ್ತಾಳೆ. ಪಂಪಿನ ಬಾಯಿಗೆ ಸುಣ್ಣ ಮೆತ್ತಿರುತ್ತದೆ, ನಾನು ಒರೆಸಿ ಒರೆಸಿ ಸಾಕಾಗಿದ್ದೇನೆ. ಆದರೆ ಒಂದು ವಿಷಯದಲ್ಲಿ ಆಕೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಮೈಕೈ ನೋವಿನ ಗುಳಿಗೆ ಇರಲಿ, ಬಿಪಿಯದಿರಲಿ, ನನಗೆ ತೋರಿಸದೆ ನುಂಗಬೇಡಿ, ಕೆಲವು ಗುಳಿಗೆಗಳಿಗೂ ದಮ್ಮಿಗೂ ಆಗಿಬರುವುದಿಲ್ಲ ಎಂದು ಡಾಕ್ಟರಬಾಯಿ ಹೇಳಿದ್ದನ್ನು ಅತ್ತೆ ಸೆರಗಿಗೆ ಗಂಟು ಹಾಕಿಕೊಂಡಂತೆ ನೆನಪಿಟ್ಟಿದ್ದಳು. ಯಾರಾದರೂ ಅರ್ಧ ಗುಳಿಗೆ ಚಾಚಿದರೆ ಮುಖ ತಿರುಗಿಸುತ್ತಿದ್ದಳು.

“ನನ್ನ ಎದಿಗಿ ಆಗೂದಿಲ್ಲವ್ವಾ. ಡಾಕ್ಟರಬಾಯಿ ಬೈತಾಳ.”

ಹೀಗೆ ಬಾಯಿಯ ಬಾಗಿಲಿಗೆ ಆಕೆ ಗಟ್ಟಿ ಕಾವಲು ಹಾಕಿದ್ದಳು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆಕೆಯ ಎದೆ ಕೆಟ್ಟಿತು. ವಖಾರಿಯಿಂದ ಬಂದವಳು ಹೊಸ್ತಿಲ ಮೇಲೇ ಕೂತುಬಿಡುತ್ತಿದ್ದಳು. ಮೊದಲೆಲ್ಲ ನೀಲಿ ಪಂಪು ಎಳೆದರೆ ಸ್ವಲ್ಪ ಹೊತ್ತಿಗೆ ಎದೆ ಬಿಚ್ಚುತ್ತಿತ್ತು. ಈಗ ಮತ್ತೆ ಮತ್ತೆ ಎಳೆದರೂ ಬಿಚ್ಚುತ್ತಿರಲಿಲ್ಲ, ಕೈ ಮಾತ್ರ ನಡುಗುತ್ತಿತ್ತು. ತುತ್ತು ಎತ್ತುವುದೂ ಕಷ್ಟವಾಯಿತು. ನಾನು ಬೆನ್ನು ತಿಕ್ಕುತ್ತಾ ಕೂರುವುದು, ಒಲೆಯ ಮೇಲೆ ಸಾರು ಬತ್ತುವುದು, ಲಕ್ಷ್ಮಣ ಅಂಗಳದಲ್ಲಿ ಆಚೆ ಈಚೆ ತಿರುಗುವುದು, ಇದು ದಿನದ ಪಾಠವಾಯಿತು.

ಡಾಕ್ಟರಬಾಯಿ ಔಷಧ ಏರಿಸಿದರು. ಪಂಪು ಎಳೆಯುವುದನ್ನು ತಮ್ಮೆದುರು ಮಾಡಿಸಿ ನೋಡಿದರು. ಎಳೆಯುವುದರಲ್ಲಿ ತಪ್ಪಿರಲಿಲ್ಲ.

“ಬ್ಯಾರೆ ಏನರ ಔಷಧ ತಗೋತೀರೇನ ಅವ್ವಾರ?”

“ಏನಿಲ್ರಿ. ನೀವ ಹೇಳಿದ್ದ ಬಿಟ್ರ ಏನೂ ಇಲ್ರಿ.”

ನನ್ನನ್ನೂ ಕೇಳಿದರು, ನಾನೂ ಇಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮುಂದಿನ ಸಲ ಮನೆಯಲ್ಲಿರುವ ಔಷಧವೆಲ್ಲ ತನ್ನಿ ಎಂದರು. ಚೀಲ ತುಂಬಿಕೊಂಡು ಹೋದೆ. ಮಾವನ ಮೊಣಕಾಲಿನ ಎಣ್ಣೆ, ಮಕ್ಕಳ ಕೆಮ್ಮಿನ ಬಾಟಲಿ, ಹೊಟ್ಟೆಯುಬ್ಬರದ ಚೂರ್ಣ, ಹಳೆಯ ಮುಲಾಮು. ಅವರು ಒಂದೊಂದನ್ನೇ ತಿರುಗಿಸಿ ಓದಿ ಪಕ್ಕಕ್ಕಿಟ್ಟರು. ಯಾವುದರಲ್ಲೂ ಕಳ್ಳ ಸಿಗಲಿಲ್ಲ. ವಖಾರಿಗೆ ರಜೆ ಇದ್ದ ದಿನ ಹೇಗಿರುತ್ತಾರೆ ಎಂದು ಕೇಳಿದರು. ಯೋಚಿಸಿ ನೋಡಿದರೆ ರಜೆಯ ದಿನ ಅತ್ತೆ ಬಹುಪಾಲು ಆರಾಮಿರುತ್ತಿದ್ದಳು. ಹಾಗೆಂದೆ.

“ಹಂಗಾರ ತಂಬಾಕಿನ ಧೂಳಾನ. ಇನ್ನ ವಖಾರಿ ಬಿಡ್ರಿ ಅವ್ವಾರ. ಬಿಡಲಿಲ್ಲ ಅಂದ್ರ ಒಂದಿನ ದವಾಖಾನಿ ಮುಟ್ಟೂದರೊಳಗ ಉಸರ ನಿಲ್ತೈತಿ.”

ದಾರಿಯುದ್ದಕ್ಕೂ ಅತ್ತೆ ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದು ಲಕ್ಷ್ಮಣ ಗದರಿದ ಮೇಲೆ ಬಾಯಿ ಬಿಟ್ಟಳು.

“ನಾ ಬಿಟ್ರ ಕಾಳಿ ಕಸಾ ಬಳೀಬೇಕೋ. ಆಕಿ ನಡಾ ಬಗ್ಗೂದಿಲ್ಲ.”

“ನೀ ಸತ್ರ ಆಕಿ ಏನ್ ಮಾಡ್ತಾಳ?” ಎಂದ ಮಗ. ಒರಟಾಯಿತು, ಆದರೆ ಭಯಕ್ಕೆ ಆಡಿದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಮರುದಿನದಿಂದ ಅತ್ತೆ ವಖಾರಿಗೆ ಹೋಗಲಿಲ್ಲ.

ಮನೆಯಲ್ಲಿ ಕೂತ ತಾರವ್ವನ ಉಸಿರು ಸುಧಾರಿಸಿತು, ನಾಲಿಗೆ ಕೆಟ್ಟಿತು. ಆಕೆಯ ಲೆಕ್ಕದಲ್ಲಿ ಎಮ್ಮೆಗೆ ಹಾಕಿದ ಹಿಂಡಿ ಹೆಚ್ಚಾಯಿತು, ರೊಟ್ಟಿಯ ಅಂಚು ದಪ್ಪವಾಯಿತು, ನನ್ನ ಕನ್ನಡದಲ್ಲಿ ಮರಾಠಿ ಜಾಸ್ತಿಯಾಯಿತು. ಹಗಲೆಲ್ಲ ಅಂಗಳದಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಹಸನು ಮಾಡಿದ ಜೋಳವನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಆ ಮೊರ ಆಚೆ ಈಚೆ ಆಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಎದುರಿನ ಬದಿ ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಬೆಳಗಿನ ಸೀಟಿ ಸಣ್ಣಗಾಗಿತ್ತು, ಒಂದೊಂದು ದಿನ ಸೀಟಿಯೇ ಇರುತ್ತಿರಲಿಲ್ಲ. ಡಾಕ್ಟರಬಾಯಿ ಹೇಳಿದ್ದು ಸರಿ ಎಂದು ನಾವೆಲ್ಲ ಒಪ್ಪಿಕೊಂಡೆವು.

ಶಿವರಾತ್ರಿ ಕಳೆದು ಬಿಸಿಲು ಏರಿದ ಒಂದು ಮಧ್ಯಾಹ್ನ ಕಾಳವ್ವ ಬಂದಳು. ವಖಾರಿಗೆ ರಜೆಯಂತೆ. ಬಾಗಿಲಲ್ಲಿ ನಿಂತು ಒಳಗಿನ ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. ಕೈ ಮುಂದೆ ಚಾಚಿ ಕಂಬ ಹಿಡಿದು ಬಂದು ಅತ್ತೆಯ ಎದುರು ಕುಕ್ಕರಿಸಿದಳು. ಇಬ್ಬರೂ ಮಾತಾಡಿದ್ದು ಕಡಿಮೆ, ಮೂಗು ಒರೆಸಿಕೊಂಡದ್ದೇ ಹೆಚ್ಚು. ನಾನು ಚಹಾಕ್ಕೆ ಇಟ್ಟೆ.

“ಕಣ್ಣ ಕೆಂಪ ಆಗ್ಯಾವಲ್ಲ ಬೇ ತಾರಾ. ಹನಿ ಬಿಟ್ಟಿ ನೋಡು, ಹಂಗ ಆಗ್ಯಾವ. ತಡಿ, ನಿನಗಂತ ತಂದೀನಿ.”

ಕಾಳವ್ವ ತನ್ನ ಚಂಚಿಯಿಂದ ಸಣ್ಣ ಬಾಟಲಿ ತೆಗೆದಳು. ಅತ್ತೆ ಏನೂ ಕೇಳದೆ ತಲೆ ಹಿಂದೆ ಮಾಡಿ, ಬೆರಳಿನಿಂದ ರೆಪ್ಪೆ ಎಳೆದು ಕೂತಳು. ದಿನಾ ಮಾಡಿ ಮೈಗೂಡಿದ ಕೆಲಸ ಎಂದು ನೋಡಿದವರಿಗೆ ತಿಳಿಯುವಂತಿತ್ತು. ಕಾಳವ್ವ ಮೊದಲು ಕೆನ್ನೆಯ ಮೇಲೆ ಚೆಲ್ಲಿ, ಬೈದುಕೊಂಡು, ಆಮೇಲೆ ಎರಡೂ ಕಣ್ಣಿಗೆ ಹಾಕಿದಳು. ಹನಿ ಹೆಚ್ಚೇ ಬಿತ್ತು. ಅತ್ತೆ ಗಂಟಲು ಸರಿಮಾಡಿಕೊಂಡು, “ಕಹಿ ನೋಡ ಇದರದು,” ಎಂದು ನಕ್ಕಳು. ಆಕೆ ನಕ್ಕು ಎಷ್ಟೋ ದಿನವಾಗಿತ್ತು. ನಾನು ಚಹಾ ಸೋಸುತ್ತಾ, ಈ ಕಾಳವ್ವ ದಿನಾ ಬಂದರೆ ಸಾಕಪ್ಪ ಎಂದುಕೊಂಡೆ.

ಬಸಿಯ ಚಹಾ ಇನ್ನೂ ಪೂರ್ತಿ ಆರಿರಲಿಲ್ಲ. ಅತ್ತೆ ಬಸಿ ಕೆಳಗಿಟ್ಟು ಎದೆಗೆ ಕೈ ಒತ್ತಿಕೊಂಡಳು. ಪಂಪು ಎಳೆದಳು. ಸ್ವಲ್ಪ ಬಿಟ್ಟು ಮತ್ತೆ ಎಳೆದಳು. ತುಟಿಯ ಬಣ್ಣ ತಿರುಗಿತು, ಕತ್ತಿನ ಗುಳಿ ಒಳಗೆ ಸೇದಿಕೊಳ್ಳತೊಡಗಿತು. ಮನೆಯಲ್ಲಿ ತಂಬಾಕಿನ ಒಂದು ಎಲೆ ಇಲ್ಲ, ಒಲೆಗೆ ಹೊಗೆ ಇಲ್ಲ, ಗ್ಯಾಸು. ಏನಾಯಿತು ಎಂದು ಯೋಚಿಸುವ ಹೊತ್ತೂ ಅದಲ್ಲ. ಪಕ್ಕದ ಮನೆಯ ಅಣ್ಣಾಸಾಬ ಡೇರಿಗೆ ಹಾಲು ಒಯ್ಯುವ ಟೆಂಪೊ ತಂದು ನಿಲ್ಲಿಸಿದ. ಕ್ಯಾನುಗಳ ನಡುವೆ ಅತ್ತೆಯನ್ನು ನನ್ನ ಎದೆಗೆ ಆನಿಸಿ ಕೂರಿಸಿಕೊಂಡೆ. ಕಾಳವ್ವ ಬೇಡ ಎಂದರೂ ಹತ್ತಿದಳು, ಅತ್ತೆಯ ಪಾದ ಹಿಡಿದು ಚಿಕ್ಕೋಡಿಯ ತನಕ ವಿಠ್ಠಲಾ ವಿಠ್ಠಲಾ ಎನ್ನುತ್ತಿದ್ದಳು.

ಆಕ್ಸಿಜನ್ ಇಟ್ಟರು, ಸೂಜಿ ಚುಚ್ಚಿದರು, ಔಷಧದ ಹಬೆ ಬಿಡುವ ಮಷೀನು ಮುಖಕ್ಕೆ ಕಟ್ಟಿದರು. ಹಬೆ ಒಳಗೆ ಹೋಗುತ್ತಿತ್ತು, ಎದೆ ಮಾತ್ರ ಜಗ್ಗುವುದು ಬಿಡಲಿಲ್ಲ. ಡಾಕ್ಟರಬಾಯಿ ನನ್ನ ಕಡೆ ತಿರುಗಿದರು.

“ವಖಾರಿಗೆ ಹೋಗಿದ್ರೇನ?”

“ಇಲ್ರಿ ಬಾಯಿ. ಮನ್ಯಾಗ ಕುಂತಾಕಿ.”

“ಏನ್ ತಿಂದ್ರು? ಏನ್ ಕುಡದ್ರು? ಯಾರರ ಏನರ ಕೊಟ್ರ?”

“ಚಹಾ ಅಷ್ಟ ರೀ.”

ಹಿಂದೆ ನಿಂತಿದ್ದ ಕಾಳವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಂದಳು, “ಬಾಯಾಗ ಏನೂ ಕೊಟ್ಟಿಲ್ರೀ ಯವ್ವಾ. ಕಣ್ಣಿಗಿ ಹನಿ ಹಾಕೀನಿ ಅಷ್ಟ, ತಂಪ ಆಗ್ಲಿ ಅಂತ.”

ಡಾಕ್ಟರಬಾಯಿ ಕೈ ಚಾಚಿದರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಆಮೇಲೆ ಒಳಗೆ ಹೋಗಿ ನರ್ಸಿಗೆ ಬೇರೆ ಔಷಧ ಹೇಳಿ, ಅತ್ತೆಯ ಪಕ್ಕದಲ್ಲೇ ನಿಂತರು. ಸಂಜೆಯ ಹೊತ್ತಿಗೆ ಅತ್ತೆಯ ಎದೆ ನಿಧಾನಕ್ಕೆ ಬಿಚ್ಚಿಕೊಂಡಿತು. ಉಳಿದಳು ಎಂದು ನನಗೆ ಆಗ ಅನಿಸಿತು, ಅಲ್ಲಿಯವರೆಗೆ ಅನಿಸಿರಲಿಲ್ಲ.

ಡಾಕ್ಟರಬಾಯಿ ನಮ್ಮಿಬ್ಬರನ್ನೂ ಮಂಚದ ಪಕ್ಕ ಕರೆದು ಹೇಳಿದರು. ಆ ಹನಿಯ ಹೆಸರು ಟಿಮೊಲಾಲ್. ಅದು ತಂಪಿಗೆ ಹಾಕುವುದಲ್ಲ, ಕಾಚಬಿಂದುವಿಗೆ, ಅಂದರೆ ಗ್ಲಾಕೋಮಾಕ್ಕೆ, ಹಾಕುವುದು. ಕಣ್ಣಿನೊಳಗೆ ಒತ್ತಡ ಏರಿ, ನೋವಿಲ್ಲದೆ, ಸದ್ದಿಲ್ಲದೆ ನೋಟ ತಿನ್ನುವ ರೋಗ ಅದು. ಕಾಳವ್ವನಿಗೆ ಅದಿದೆ ಎಂದು ದೀಪಾವಳಿಯ ಹೊತ್ತಿಗೆ ಕೊಲ್ಹಾಪುರದ ಕಣ್ಣಿನ ಡಾಕ್ಟರು ಹೇಳಿದ್ದರು, ಅಳಿಯ ಅಲ್ಲಿಂದಲೇ ತಿಂಗಳಿಗೊಮ್ಮೆ ಬಾಟಲಿ ತಂದುಕೊಡುತ್ತಿದ್ದ.

“ಕಣ್ಣಿಗಿ ಹಾಕಿದ್ದು ಕಣ್ಣಾಗ ಇರೂದಿಲ್ಲ. ಮೂಗಿನಾಗ ಇಳದು, ಗಂಟಲಕ್ಕ ಬಂದು, ರಕ್ತಕ್ಕ ಸೇರತೈತಿ. ಗಂಟಲ ಕಹಿ ಆಗ್ತಿತ್ತಿಲ್ಲ? ಇವರ ಪಂಪ ಎದಿ ಬಾಗಲಾ ತಗದ್ರ, ಈ ಹನಿ ಅದ ಬಾಗಲಾ ಎಳದು ಚಿಲಕಾ ಹಾಕತೈತಿ. ದಮ್ಮಿದ್ದವರಿಗಿ ಇದು ವಿಷಾ ಇದ್ದಂಗ.”

ತಂಬಾಕಿನ ಧೂಳೂ ಒಳ್ಳೆಯದಲ್ಲ, ಅದನ್ನು ಬಿಟ್ಟದ್ದು ಸರಿಯೇ, ಆದರೆ ಆ ಕೆಲವು ತಿಂಗಳು ಕೊಲ್ಲುತ್ತಿದ್ದದ್ದು ಇದೇ ಎಂದರು. ಮನೆಯ ಔಷಧವೆಲ್ಲ ತನ್ನಿ ಎಂದಿದ್ದರು, ನಾನು ತಂದಿದ್ದೆ. ಬಾಟಲಿ ಇದ್ದದ್ದು ಇನ್ನೊಂದು ಮನೆಯವಳ ಚಂಚಿಯಲ್ಲಿ.

ಕಾಳವ್ವ ನೆಲಕ್ಕೆ ಕೂತಳು.

“ನಾನೇನ್ರೀ? ನಾನ ಇಕಿನ್ನ…”

“ನೀವ ಬೇಕಂತ ಮಾಡಿಲ್ಲ ಬಿಡ್ರಿ. ದಿನಾ ಎಷ್ಟ ಸರ್ತಿ ಹಾಕ್ತಿದ್ರಿ?”

“ಬುತ್ತಿ ಉಂಡ ಕೂಡ್ಲೆ ಒಮ್ಮಿ, ವಖಾರಿ ಬಿಡೂವಾಗ ಒಮ್ಮಿ. ನನ್ನ ಕಣ್ಣಿಗಿ ಹಾಕ್ಕೊಂಡ ಮ್ಯಾಲ ಜೋಡಿಗಿ ಹಾಕದ ಹೆಂಗ ಇಡ್ಲಿ ರೀ?”

ಡಾಕ್ಟರಬಾಯಿ ಬಾಟಲಿಯನ್ನು ಮತ್ತೊಮ್ಮೆ ನೋಡಿದರು. “ಇದು ಒಬ್ಬರಿಗಿ ಒಂದ ತಿಂಗಳದ್ದ. ಇಬ್ಬರು ಹಾಕ್ಕೊಂಡ್ರ ನಡುವ ಮುಗೀತಿತ್ತಲ್ಲ. ಆಮ್ಯಾಲ ಏನ್ ಮಾಡ್ತಿದ್ರಿ?”

“ಅಳಿಯಾ ತರೂತನಾ ಹಂಗ ಇರ್ತಿದ್ನಿ ರೀ. ಕಣ್ಣ ಏನ್ ನೋಯ್ತಿರಲಿಲ್ಲಲ್ರಿ.”

ಅವರು ಎದ್ದು ಬಂದು ಕಾಳವ್ವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು. ಇನ್ನೊಂದು ಕೈಯ ಬೆರಳುಗಳನ್ನು ಆಕೆಯ ಎಡಗಡೆ ಹಿಡಿದರು. ಮುಖದ ಪಕ್ಕದಲ್ಲೇ, ಕಿಟಕಿಯ ಬೆಳಕಿನಲ್ಲಿ.

“ಎಷ್ಟ ಬಟ್ಟ ಅದಾವ ಹೇಳ್ರಿ.”

ಕಾಳವ್ವ ಸುಮ್ಮನೆ ಕಾದಳು. ಆಮೇಲೆ ಕೇಳಿದಳು, “ಎಲ್ಲಿ ಹಿಡದೀರಿ?”

ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದ ಅತ್ತೆ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಮಾತಾಡುವಷ್ಟು ಉಸಿರು ಇರಲಿಲ್ಲ. ಕಣ್ಣು ತುಂಬಿ ಹರಿದು ಕಿವಿಯೊಳಗೆ ಇಳಿಯಿತು. ನಾನು ಒರೆಸಲು ಹೋದರೆ ನನ್ನ ಕೈ ಸರಿಸಿದಳು.

ಕೊಲ್ಹಾಪುರದ ಕಣ್ಣಿನ ಡಾಕ್ಟರು ಹೇಳಿದ್ದು ಚಿಕ್ಕದು. ಹೋದ ನೋಟ ಬರುವುದಿಲ್ಲ. ಎಡಗಣ್ಣಿನಲ್ಲಿ ಬೆಳಕಿನ ಗುರುತು ಉಳಿದಿದೆ, ಅಷ್ಟೇ. ಬಲಗಣ್ಣನ್ನು ಉಳಿಸಿಕೊಳ್ಳಬೇಕೆಂದರೆ ಹನಿ ಒಂದು ಹೊತ್ತೂ ತಪ್ಪಬಾರದು. ಕಾಳವ್ವನ ವಖಾರಿಯೂ ಮುಗಿಯಿತು. ಆ ಜಾಗದಲ್ಲಿ ಈಗ ಬೇರೆ ಯಾರೋ ಚಾಳಣಿ ಜಗ್ಗುತ್ತಾರೆ. ನಾನು ಒಂದು ದಿನ ಹೋಗಿ ಅಲ್ಲಿನ ಹೆಂಗಸರಿಗೆ ಹೇಳಿಬಂದೆ, ಒಬ್ಬರ ಔಷಧ ಇನ್ನೊಬ್ಬರು ಹಾಕ್ಕೋಬ್ಯಾಡ್ರಿ, ಕಣ್ಣಿನದಾದರೂ ಮೂಗಿನದಾದರೂ ಡಾಕ್ಟರಿಗೆ ಹೇಳ್ರಿ ಎಂದು. ಅಯ್ಯ ಹೌದಾ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಾನು ಹೊರಡುವಷ್ಟರಲ್ಲಿ ಒಬ್ಬಳು ಗುಳಿಗೆ ಕಚ್ಚಿ ಅರ್ಧ ಮಾಡುತ್ತಿದ್ದಳು. ನಿಂತು ಬೈಯುವಷ್ಟು ತ್ರಾಣ ನನಗಿರಲಿಲ್ಲ.

ಅತ್ತೆ ಮನೆಗೆ ಬಂದ ಮೇಲೆ ಉಸಿರು ತಿಳಿಯಾಯಿತು. ಬೆಳಗ್ಗೆ ಏನೂ ಕೇಳಿಸದೆ ನಾನು ಗಾಬರಿಯಾಗಿ ಎದ್ದುಹೋಗಿ ನೋಡಿದರೆ ಕಣ್ಣು ಬಿಟ್ಟುಕೊಂಡು ಜಂತಿ ನೋಡುತ್ತಾ ಮಲಗಿರುತ್ತಿದ್ದಳು. ಚಹಾ ಕೊಟ್ಟರೆ ಬಸಿಯಲ್ಲಿ ಅರ್ಧ ಉಳಿಸುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟೆ.

“ಯಾಕ್ರಿ ಅತ್ತಿ, ಎದಿ ಹಗರಾಗೈತಲ್ರಿ?”

“ಹಗರಾಗೈತಿ,” ಎಂದಳು. “ನನ್ನ ಕಣ್ಣಾಗ ಹಾಕಿದ್ದು ಆಕಿ ಕಣ್ಣ ಬೇ ಸರಿತಾ. ರೊಟ್ಟಿ ಮುರದಂಗ ಮುರದ ಕೊಟ್ಟಾಳ. ನಾ ತಲಿ ಎತ್ತಿ ಹಾಕಿಸ್ಕೊಂಡೀನಿ.”

ಯಾರನ್ನು ಬೈಯಬೇಕು? ಕೊಟ್ಟವಳನ್ನೋ, ಇಸಿದುಕೊಂಡವಳನ್ನೋ? ಇಬ್ಬರೂ ಒಬ್ಬರ ಮನೆಗೆ ಒಬ್ಬರು ಹೋಗುವುದನ್ನು ಬಿಟ್ಟಿದ್ದರು. ನಾನ ಆಕಿನ್ನ ಕೊಲ್ಲಾಕತ್ತಿದ್ನಿ ಎಂದು ಅಲ್ಲಿ ಕಾಳವ್ವ ಅಳುತ್ತಾಳಂತೆ. ಇಲ್ಲಿ ಇವಳು ಜೋಳ ಹಸನು ಮಾಡುತ್ತಾಳೆ. ನಡುವೆ ಇರುವುದು ಒಂದೇ ಓಣಿ.

ಆಮೇಲೆ ಒಂದು ಮಾತು ನಮ್ಮ ಕಿವಿಗೆ ಬಿತ್ತು. ಕಾಳವ್ವನಿಗೆ ಹನಿಯನ್ನು ಸರಿಯಾಗಿ ಕಣ್ಣಿಗೆ ಬೀಳಿಸಲು ಬರುತ್ತಿಲ್ಲ, ಅರ್ಧ ಕೆನ್ನೆಗೆ ಹೋಗುತ್ತದೆ, ಮನೆಯವರು ಕಬ್ಬಿನ ಕೆಲಸಕ್ಕೆ ಶಿರಗುಪ್ಪಿಗೆ ಹೋದರೆ ಹಾಕುವವರಿಲ್ಲ ಎಂದು. ಅತ್ತೆ ಮೊರ ಕೆಳಗಿಟ್ಟು, ಚಂಚಿ ಸಿಕ್ಕಿಸಿಕೊಂಡು ಎದ್ದಳು. ದಾರಿಯಲ್ಲಿ ನಿಂತು ನಿಂತು ಹೋಗುವುದನ್ನು ನೋಡಿ ಎಮ್ಮೆಯನ್ನು ಹಾಗೇ ಬಿಟ್ಟು ಹಿಂದೆ ನಡೆದೆ.

ಕಾಳವ್ವ ಕಟ್ಟೆಯ ಮೇಲೆ ಕೂತಿದ್ದಳು. ಅತ್ತೆ ಎದುರಿಗೆ ಕೂತಳು, ವಖಾರಿಯಲ್ಲಿ ಕೂರುತ್ತಿದ್ದ ಹಾಗೆಯೇ, ಮೊಣಕಾಲಿಗೆ ಮೊಣಕಾಲು.

“ತಲಿ ಎತ್ತ ಬೇ ಕಾಳಿ.”

ಕಾಳವ್ವ ಸದ್ದು ಗುರುತಿಸಿ ತಲೆ ಎತ್ತಿದಳು. ಅತ್ತೆ ರೆಪ್ಪೆ ಎಳೆದು ಬಲಗಣ್ಣಿಗೆ ಒಂದು ಹನಿ ಹಾಕಿದಳು, ಎಡಗಣ್ಣಿಗೂ ಹಾಕಿದಳು. ಡಾಕ್ಟರಬಾಯಿ ತೋರಿಸಿಕೊಟ್ಟಂತೆ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದಳು, ಔಷಧ ಗಂಟಲಿಗೆ ಇಳಿಯದಿರಲಿ ಎಂದು. ಒತ್ತಿದ ಕೈ ನಡುಗುತ್ತಿರಲಿಲ್ಲ. ಈಗ ದಿನಕ್ಕೆ ಎರಡು ಹೊತ್ತು ಹೀಗೆ ನಡೆಯುತ್ತದೆ, ನನಗೆ ಎರಡು ಹೊತ್ತು ಈ ಓಣಿ ತಿರುಗುವ ಕೆಲಸ ಹೆಚ್ಚಾಗಿದೆ.

ಆ ಮೊದಲ ದಿನ, ಅತ್ತೆ ಬೆರಳು ತೆಗೆದ ಮೇಲೆ, ಕಾಳವ್ವ ಕೆನ್ನೆ ಒರೆಸಿಕೊಂಡು ಬಾಟಲಿ ಇಸಿದುಕೊಂಡಳು. ಕೈ ತನ್ನಷ್ಟಕ್ಕೆ ತಾನೇ ಮುಂದೆ ಬಂತು.

“ಬಾ, ನೀನೂ ತಲಿ ಎತ್ತ.”

ಅಂದವಳೇ ಅಲ್ಲಿಗೇ ನಿಂತಳು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು, ಹಿಂದೆ ಎಳೆದುಕೊಳ್ಳಲು ಆಕೆಗೆ ಬರಲಿಲ್ಲ. ಜನ್ಮದಲ್ಲಿ ಒಮ್ಮೆಯೂ ಎಳೆದುಕೊಂಡ ಕೈಯಲ್ಲ ಅದು. ಅತ್ತೆ ಆ ಬೆರಳುಗಳನ್ನು ಒಂದೊಂದಾಗಿ ಬಾಟಲಿಯ ಸುತ್ತ ಮಡಚಿ, ಮೇಲಿಂದ ತನ್ನ ಎರಡೂ ಕೈ ಮುಚ್ಚಿದಳು.

“ಇದೊಂದ ನೀನ ಪೂರಾ ಹಾಕ್ಕೊ ಬೇ,” ಎಂದಳು. “ನನಗ ಕೊಡಬ್ಯಾಡ.”